ಕೊಲಂಬೊಗೆ ಹೋದ ಮೆಣಸಿನಕಾಯಿ ಚೂರು

ತವರದ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಬಂದದ್ದು ಮೆಣಸಿನಕಾಯಿಯ ಘಾಟಲ್ಲ, ಮಳೆಗಾಲವಿಡೀ ಮಂಚದ ಕೆಳಗೆ ಬಿದ್ದಿದ್ದ ಚಪ್ಪಲಿಯ ವಾಸನೆ. ಒಳಗಿದ್ದವು ನಮ್ಮದೇ ಕಾಯಿಗಳು. ಸಂಕ್ರಾಂತಿಗೆ ಮೊದಲು ಖಾನಾಪುರದಿಂದ ರೈಲು ಹತ್ತಿಸಿ ತೂತುಕುಡಿ ಬಂದರಿನ ಮೂಲಕ ಕೊಲಂಬೊಗೆ ಕಳಿಸಿದ ಮಾಲಿನ ನಮೂನೆ ಅದು. ಮೇಲೆ ಕೆಂಪಾಗಿಯೇ ಇದ್ದವು. ಒಂದನ್ನು ಸೀಳಿ ನೋಡಿದೆ. ಒಳಗೆ ಬೂದು ಬಣ್ಣದ ಬೂಸು ಬೀಜಗಳನ್ನೆಲ್ಲ ಮುಚ್ಚಿತ್ತು.

ಸಾಹುಕಾರರು ಗಾದಿಯ ಮೇಲೆ ಕುಳಿತೇ ಡಬ್ಬಿಗೆ ಮೂಗು ಚಾಚಿ ಹಿಂದೆ ಸರಿದರು. "ಏನವಾ ತಂಗಿ, ತೇವ ನೂರಕ್ಕ ಹತ್ತೂವರಿ ಅಂತ ಬರದಿದ್ದಿ. ಇದೇನ ಹತ್ತೂವರಿ?" ಅಂದರು.

ಮಾಲಿನ ಜೊತೆ ಹೋದ ತೇವದ ಕಾಗದದ ಮೇಲೆ ಇದ್ದದ್ದು ನನ್ನ ಸಹಿ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನೆರೆಯ ಶ್ರೀಲಂಕಾ ಆಮದಿಗೆ ಬಾಗಿಲು ತೆರೆದು ಹೆಚ್ಚು ದಿನ ಆಗಿರಲಿಲ್ಲ. ಅಲ್ಲಿಯವರಿಗೆ ಮೂರು ಹೊತ್ತೂ ಖಾರ ಬೇಕು, ಬೆಳೆದದ್ದು ಸಾಲದು ಎಂಬ ಸುದ್ದಿ ಬೆಳಗಾವಿ ರವಿವಾರ ಪೇಟೆಯ ಅಡತಿ ಅಂಗಡಿಗಳಿಗೂ ತಲುಪಿತ್ತು. ನಮ್ಮ ಸಾಹುಕಾರರು ಒಣಮೆಣಸಿನಕಾಯಿ ವ್ಯಾಪಾರದಲ್ಲಿ ಮೂರನೆಯ ತಲೆಮಾರು. ಮುಂಬಯಿ, ಪುಣೆ ಬಿಟ್ಟು ಆಚೆ ಮಾಲು ಕಳಿಸಿದವರಲ್ಲ. ಹೊರದೇಶಕ್ಕೆಂದರೆ ತೇವದ ಪ್ರಮಾಣಪತ್ರ ಬೇಕು, ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕು. ಎರಡೂ ಕೆಲಸಕ್ಕೆ ಒಬ್ಬರೇ ಸಿಕ್ಕರೆ ಒಳ್ಳೆಯದೆಂದು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದ, ಟೈಪಿಂಗೂ ಬರುತ್ತಿದ್ದ ನನ್ನನ್ನು ಇಟ್ಟುಕೊಂಡರು. ಅಂಗಡಿಯ ಅಟ್ಟದ ಮೇಲೆ ಒಂದು ತಕ್ಕಡಿ, ಒಂದು ವಿದ್ಯುತ್ ಒಲೆ, ಒಂದು ಟೈಪ್‌ರೈಟರ್. ನನಗೆ ನನ್ನ ಬಗ್ಗೆ ಬಹಳ ಅಭಿಮಾನ ಇತ್ತು. ಪೇಟೆಯಲ್ಲಿ ಎಲ್ಲರೂ ಕೈಯಿಂದ ಹಿಚುಕಿ ಹೇಳುವುದನ್ನು ನಾನು ತೂಕ ಮಾಡಿ ಹೇಳುತ್ತಿದ್ದೆ.

ಕೊಲಂಬೊದಲ್ಲಿ ನಮ್ಮ ಮಾಲು ಕೊಂಡವರು ದಿನಸಿ ಅಂಗಡಿಗಳ ಒಂದು ಸಾಲನ್ನೇ ನಡೆಸುತ್ತಿದ್ದರು. ಅವರ ಖರೀದಿ ಅಧಿಕಾರಿ ಡಬ್ಬಿಯ ಜೊತೆ ಪತ್ರ ಇಟ್ಟಿದ್ದರು. ಸಿಟ್ಟಿನ ಮಾತು ಒಂದೂ ಇರಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ತಮ್ಮಲ್ಲಿ ಕಾಯಿಯನ್ನು ಸಣ್ಣ ಪೊಟ್ಟಣ ಕಟ್ಟಿ ಹಲಗೆಯ ಮೇಲೆ ಇಡುತ್ತಾರೆ; ಮನೆಯ ಹೆಂಗಸು ಒಂದು ಕಾಯಿ ಮುರಿದು ಒಳಗೆ ನೋಡುತ್ತಾಳೆ; ಬೂಸು ಕಂಡರೆ ಪೊಟ್ಟಣವನ್ನು ತಂದು ಗಲ್ಲಾಪೆಟ್ಟಿಗೆಯ ಮುಂದಿಟ್ಟು ಹೋಗುತ್ತಾಳೆ, ಮತ್ತೆ ಆ ಅಂಗಡಿಗೆ ಬರುವುದಿಲ್ಲ ಎಂದು ಬರೆದಿದ್ದರು. ಏಪ್ರಿಲ್ ನಡುವೆ ಅವರ ಹೊಸ ವರ್ಷ. ಅದಕ್ಕೆ ಮೊದಲು ತಲುಪುವಂತೆ ಇನ್ನೊಂದು ಸಣ್ಣ ಮಾಲು ನೋಡುತ್ತೇವೆ, ಅದೂ ಹೀಗಾದರೆ ಬೇರೆ ಕಡೆ ಕೊಳ್ಳುತ್ತೇವೆ ಎಂಬುದು ಕೊನೆಯ ಸಾಲು.

ಅದೂ ಹೀಗಾದರೆ ಕಾಯಿ ಆರಿಸಿ ಚೀಲ ಕಟ್ಟುತ್ತಿದ್ದ ಖಾನಾಪುರದ ಶೆಡ್ಡು ಮುಚ್ಚುತ್ತದೆ. ಅಲ್ಲಿ ಮೂವತ್ತು ಹೆಂಗಸರು ಕೆಲಸ ಮಾಡುತ್ತಿದ್ದರು.

ಭತ್ತ, ಗೋಡಂಬಿ ಬೆಳೆಯುವ ಖಾನಾಪುರಕ್ಕೂ ಮೆಣಸಿನಕಾಯಿಗೂ ಏನು ಸಂಬಂಧ ಅನ್ನಬಹುದು. ಸಂಬಂಧ ಸೀನಿನದು. ಮೊದಲು ಕಾಯಿ ಆರಿಸುವ ಕೆಲಸ ಪೇಟೆಯಲ್ಲೇ ನಡೆಯುತ್ತಿತ್ತು. ರಾಶಿ ಕೆದಕಿದಾಗೆಲ್ಲ ಓಣಿಗೆ ಓಣಿಯೇ ಸೀನಿ, ಕೆಮ್ಮಿ, ಕೊನೆಗೆ ನಗರಸಭೆಗೆ ಅರ್ಜಿ ಕೊಟ್ಟಿತು. ಸಾಹುಕಾರರ ಬೀಗರದೊಂದು ಹಂಚಿನ ಕಾರ್ಖಾನೆ ಖಾನಾಪುರದಲ್ಲಿ, ರೈಲು ನಿಲ್ದಾಣದ ಬಾಜೂಕ, ಬಾಗಿಲು ಹಾಕಿಕೊಂಡು ಬಿದ್ದಿತ್ತು. ಉದ್ದನೆಯ ಶೆಡ್ಡುಗಳು, ಹಂಚು ಒಣಗಿಸುತ್ತಿದ್ದ ಮರದ ಹಲಗೆಗಳ ಸಾಲು, ಸೀನಿದರೂ ಕೇಳುವವರಿಲ್ಲ. ಸುಗ್ಗಿ ಮುಗಿದ ಮೇಲೆ ಕೈ ಖಾಲಿ ಇರುವ ಹೆಂಗಸರು ಕೆಲಸಕ್ಕೆ ಸಿಕ್ಕರು.

ಅವರ ಮುಕಾದಮ, ಅಂದರೆ ಮೇಲ್ವಿಚಾರಣೆಯವಳು, ಐವತ್ತು ದಾಟಿದ ಹೆಂಗಸು. ಬೈಲಹೊಂಗಲ ಕಡೆಯವಳು, ಖಾನಾಪುರಕ್ಕೆ ಕೊಟ್ಟಿದ್ದರು. ಜೊತೆಯವರೆಲ್ಲ ಮರಾಠಿ ಆಡುವವರಾದ್ದರಿಂದ ಆಕೆ ಎಲ್ಲರಿಗೂ ಮಾವಶಿ, ಚಿಕ್ಕಮ್ಮ. ಮೆಣಸಿನಕಾಯಿಯ ಕೆಲಸ ತವರಿನಿಂದ ತಂದದ್ದು. ಆಕೆ ಕಟ್ಟಿಸಿದ ಚೀಲ ಮುಂಬಯಿಯಲ್ಲಿ ಬಿಚ್ಚಿದರೆ ಒಂದೂ ಕಾಯಿ ಮುರಿದಿರುವುದಿಲ್ಲ ಎಂದು ದಲಾಲರು ಹೇಳುತ್ತಿದ್ದರಂತೆ. ಆ ಮಾತನ್ನು ಆಕೆಯೇ ನನಗೆ ಮೂರು ಸಲ ಹೇಳಿದ್ದಳು.

ಡಬ್ಬಿ ಬಂದ ಮರುದಿನ ಸಾಹುಕಾರರು ಪತ್ರ ಹೇಳಿ ಬರೆಸಿದರು. ಹಡಗಿನಲ್ಲಿ ಸಮುದ್ರದ ನೀರು ನುಗ್ಗಿರಬೇಕು, ನಮ್ಮ ಕಡೆಯಿಂದ ಒಣ ಮಾಲೇ ಹೋಗಿದೆ, ಪ್ರಮಾಣಪತ್ರ ನೋಡಿಕೊಳ್ಳಿ ಅಂತ. ನನಗೂ ಅದು ಸರಿ ಅನ್ನಿಸಿತು. ನನ್ನ ಹತ್ತೂವರೆ ಸುಳ್ಳಾಗುವುದಕ್ಕಿಂತ ಹಡಗು ಸೋರುವುದು ನನಗೆ ಅನುಕೂಲ. ಆದರೆ ಟೈಪ್ ಮಾಡುವಾಗ ಒಂದು ಯೋಚನೆ ಬಂತು: ಸಮುದ್ರದ ನೀರಾಗಿದ್ದರೆ ಉಪ್ಪು ಉಳಿದಿರಬೇಕು.

ಪತ್ರವನ್ನು ಅರ್ಧಕ್ಕೇ ಬಿಟ್ಟು, ನಾನು ಓದಿದ ಕಾಲೇಜಿಗೆ ಹೋಗಿ ಪ್ರಯೋಗಶಾಲೆಯವರ ಕೈಕಾಲು ಹಿಡಿದು ಸಣ್ಣ ಸೀಸೆಯಲ್ಲಿ ಸಿಲ್ವರ್ ನೈಟ್ರೇಟ್ ತಂದೆ. ಉಪ್ಪಿದ್ದರೆ ಅದರ ಹನಿ ಬಿದ್ದ ಕೂಡಲೇ ನೀರು ಹಾಲಿನಂತಾಗುತ್ತದೆ. ಡಬ್ಬಿಯ ಕಾಯಿಯನ್ನು ಒಂದು ಬಟ್ಟಲಲ್ಲಿ, ಅಂಗಡಿಯ ಕಾಯಿಯನ್ನು ಇನ್ನೊಂದರಲ್ಲಿ ಶುದ್ಧ ನೀರು ಹಾಕಿ ನೆನೆಸಿ, ಸೋಸಿ, ಎರಡಕ್ಕೂ ಹನಿ ಬಿಟ್ಟೆ. ಎರಡರಲ್ಲೂ ಒಂದೇ ತೆಳು ಮಬ್ಬು, ಕಾಯಿಯಲ್ಲಿ ಮೊದಲೇ ಇರುವ ಉಪ್ಪಿನಷ್ಟೇ. ಮತ್ತೆ ಮಾಡಿದೆ, ಮತ್ತೆ ಅದೇ.

"ಉಪ್ಪಿಲ್ಲಂದ್ರ ಸಮುದ್ರದ ನೀರ ಅಲ್ಲ ಅಂತೀಯೇನ?" ಅಂದರು ಸಾಹುಕಾರರು.

"ಅಲ್ರಿ. ನೀರ ನಮ್ಮ ಕಡೀದ ಐತ್ರಿ."

"ನಮ್ಮ ಕಡೆ ಯಾರ ನೀರ ಹಾಕ್ತಾರ? ತೂಕ ಹೆಚ್ಚ ಮಾಡೂ ಮಂದಿ ಅಲ್ಲ ನಾವು." ಅವರ ಮುಖ ಕೆಂಪಾಯಿತು. ಅದು ನಿಜವಾಗಿಯೂ ಅವರ ಗುಣ ಅಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಖಾನಾಪುರಕ್ಕೆ ಹೋದೆ. ಅಲ್ಲಿಯವರೆಗೆ ನನ್ನ ರೂಢಿ ಹೀಗಿತ್ತು: ಮಧ್ಯಾಹ್ನ ಹೋಗಿ, ಆರಿಸಿ ಗುಡ್ಡೆ ಹಾಕಿದ ರಾಶಿಯ ಮೇಲೆ, ನಡುವೆ, ತಳದಲ್ಲಿ ಒಂದೊಂದು ಹಿಡಿ ತೆಗೆದು ಸೀಸೆಗೆ ತುಂಬಿ, ಸಂಜೆಯ ಗಾಡಿಗೆ ವಾಪಸು. ಒಲೆಯಲ್ಲಿ ಐದು ತಾಸು ಒಣಗಿಸಿ, ಮೊದಲಿನ ತೂಕಕ್ಕೂ ಆಮೇಲಿನ ತೂಕಕ್ಕೂ ಇದ್ದ ವ್ಯತ್ಯಾಸ ಹಿಡಿದು ತೇವ ಬರೆಯುವುದು. ಪುಸ್ತಕದಲ್ಲಿ ಹೇಳಿದಂತೆಯೇ ಮಾಡುತ್ತಿದ್ದೆ. ಈ ಸಲ ಸಂಜೆಯ ಗಾಡಿ ಬಿಟ್ಟೆ, ಊರಲ್ಲೇ ಇದ್ದ ನಮ್ಮ ಸೋದರತ್ತೆಯ ಮನೆಯಲ್ಲಿ ಉಳಿದೆ.

ಗಾಡಿ ಹೋದ ಮೇಲೆ ನಡೆಯುವುದನ್ನು ಅವತ್ತು ನಿಂತು ನೋಡಿದೆ. ಮಾವಶಿ ತಾಮ್ರದ ಕೊಡ ತಂದಳು. ಬೇವಿನ ಟೊಂಗೆಗಳ ಒಂದು ಕಟ್ಟನ್ನು ಅದರಲ್ಲಿ ಅದ್ದಿ, ರಾಶಿಯ ಸುತ್ತ ನಡೆಯುತ್ತ ಚಿಮುಕಿಸಿದಳು. ಇಬ್ಬರು ಹೆಂಗಸರು ಹಿಂದಿನಿಂದ ಕಾಯಿ ಮಗುಚುತ್ತ ಬಂದರು. ಮೇಲೆ ಒದ್ದೆ ಗೋಣಿ ಹೊದಿಸಿದರು. ಬೆಳಗಾಗುವಷ್ಟರಲ್ಲಿ ಕಾಯಿ ತೊಗಲಿನಂತೆ ಬಾಗುತ್ತಿತ್ತು. ಚೀಲಕ್ಕೆ ತುಂಬಿ, ಒಬ್ಬಳು ಒಳಗಿಳಿದು ತುಳಿದು, ಮತ್ತೆ ತುಂಬಿ, ದಬ್ಬಣದಿಂದ ಸುತಳಿ ಹೊಲಿದರು. ಒಂದೂ ಕಾಯಿ ಮುರಿಯಲಿಲ್ಲ.

ನಾಚಿಕೆ ಬಿಟ್ಟು ಹೇಳಬೇಕೆಂದರೆ ನಾನು ಆ ಕೊಡವನ್ನು ಮೊದಲೂ ನೋಡಿದ್ದೆ. ಬೇವಿನ ಕಟ್ಟನ್ನೂ ನೋಡಿದ್ದೆ. ಅದಕ್ಕೆ ಅಲ್ಲಿ ಯಾರೂ ನೀರು ಹಾಕುವುದು ಅನ್ನುತ್ತಿರಲಿಲ್ಲ, ಹದ ಮಾಡುವುದು ಅನ್ನುತ್ತಿದ್ದರು. ನಾನೂ ಅದನ್ನು ನೀರಿನ ಲೆಕ್ಕಕ್ಕೆ ಹಿಡಿದಿರಲಿಲ್ಲ.

ರಾಶಿಯದು, ಹದ ಮಾಡಿದ್ದು, ಹೊಲಿದ ಚೀಲದ ನಡುವಿನದು, ಮೂರು ಸೀಸೆ ತಂದು ಒಲೆಗಿಟ್ಟೆ. ರಾಶಿಯದು ಹತ್ತೂವರೆಯ ಆಸುಪಾಸು. ಹದ ಮಾಡಿದ್ದು ಹದಿನಾರು. ಚೀಲದ ನಡುವಿನದು ಹದಿನೇಳು. ನನ್ನ ಸಹಿ ಇದ್ದದ್ದು ಹಡಗು ಹತ್ತದ ಮೆಣಸಿನಕಾಯಿಗೆ. ಮುಂಬಯಿಗೆ ಮಾಲು ಮೂರು ದಿನಕ್ಕೆ ಮುಟ್ಟುತ್ತದೆ, ಬಿಚ್ಚಿ ಹರವುತ್ತಾರೆ, ನೀರು ಆರಿಹೋಗುತ್ತದೆ. ಕೊಲಂಬೊ ಚೀಲಗಳು ವ್ಯಾಗನ್ನಿನಲ್ಲಿ, ಬಂದರಿನ ಗೋದಾಮಿನಲ್ಲಿ, ಹಡಗಿನ ಹೊಟ್ಟೆಯಲ್ಲಿ ಬಿಗಿಯಾಗಿ ಕುಳಿತೇ ವಾರಗಟ್ಟಲೆ ಕಳೆದಿದ್ದವು.

ಸಾಹುಕಾರರು ಮೂರು ಅಂಕಿಗಳನ್ನೂ ಎರಡೆರಡು ಸಲ ಓದಿಸಿಕೊಂಡರು. "ಹಂಗಂದ್ರ ಆಕೀದ ತಪ್ಪ. ಅಳತಿ ತಪ್ಪಿ ನೀರ ಹಾಕ್ಯಾಳ. ನಾಳಿಂದ ಬರೂದ ಬ್ಯಾಡ ಅಂತ ಹೇಳಿ ಬಾ. ಕೊಲಂಬೊದವ್ರಿಗೂ ಹಂಗ ಬರಿ."

ಬರೆದೆ. ಕೆಲಸಗಾರ್ತಿಯೊಬ್ಬಳ ಅಜಾಗರೂಕತೆಯಿಂದ ಹೀಗಾಗಿದೆ, ಆಕೆಯನ್ನು ತೆಗೆದುಹಾಕಲಾಗಿದೆ. ಇಂಗ್ಲಿಷಿನಲ್ಲಿ ಈ ಬಗೆಯ ವಾಕ್ಯ ಬಹಳ ಸಲೀಸಾಗಿ ಬರುತ್ತದೆ. ಲಕೋಟೆಯನ್ನು ಚೀಲದಲ್ಲಿಟ್ಟುಕೊಂಡು, ಖಾನಾಪುರದ ಕೆಲಸ ಮುಗಿಸಿ ಅಲ್ಲೇ ಅಂಚೆಗೆ ಹಾಕೋಣವೆಂದು ಹೊರಟೆ. ಬಸ್ಸು ಮಚ್ಛೆ ಊರು ದಾಟುವವರೆಗೆ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಆಮೇಲೆ ಅದೂ ಬೇಸರವಾಗಿ ಕಿಟಕಿಯ ಆಚೆ ನೋಡುತ್ತ ಕುಳಿತೆ.

ನಾನು ಹೋದಾಗ ಊಟದ ಹೊತ್ತು. "ಬರ್ರಿ ಬಾಯಾರ, ಕುಂದರ್ರಿ. ಹಸದ ಬಂದಿರಬೇಕ," ಅಂದಳು ಮಾವಶಿ. ಬುತ್ತಿಯಲ್ಲಿ ತವರಿನ ಕಡೆಯ ಜೋಳದ ಖಡಕ್ ರೊಟ್ಟಿ ಇದ್ದವು. ಎರಡು ತೆಗೆದು, ಅಂಗೈಯಲ್ಲಿ ನೀರು ಹಿಡಿದು ಚಿಮುಕಿಸಿ, ಅರಿವೆಯಲ್ಲಿ ಸುತ್ತಿ ನನ್ನ ಮುಂದಿಟ್ಟಳು. "ಜರಾ ತಡೀರಿ, ಮೆತ್ತಗ ಆಕ್ಕಾವ."

ಅದೇ ಕೈ, ಅದೇ ಚಿಮುಕಿಸುವಿಕೆ. ನಮ್ಮ ಅವ್ವನೂ ಹೀಗೆಯೇ ಮಾಡುತ್ತಿದ್ದಳು. ರೊಟ್ಟಿ ನೆನೆಸಿ ಕೊಟ್ಟಳು ಅಂತ ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ಈಕೆ ಅಳತೆ ತಪ್ಪಿರಲಿಲ್ಲ. ಅಳೆಯುವುದಕ್ಕೆಂದೇ ನೇಮಿಸಿದ್ದ ನಾನು ಗಾಡಿ ಹಿಡಿಯುವ ಅವಸರದಲ್ಲಿ ತಪ್ಪು ಹೊತ್ತಿನಲ್ಲಿ ಅಳೆದಿದ್ದೆ. ಚೀಲದಲ್ಲಿದ್ದ ಲಕೋಟೆಯನ್ನು ಇನ್ನೂ ಒಳಗೆ ತಳ್ಳಿದೆ.

ಕೆಲಸ ಬಿಡಿಸುವ ಮಾತು ಆಡಲಿಲ್ಲ. ಆದ ಸಂಗತಿಯನ್ನಷ್ಟೇ ಹೇಳಿದೆ. ಆಕೆ ರೊಟ್ಟಿಯ ಅರಿವೆ ಬಿಚ್ಚುತ್ತ ಕೇಳಿಸಿಕೊಂಡಳು.

"ನಾ ನೀರ ಹಾಕಿಲ್ರಿ. ಹದಾ ಮಾಡೇನಿ."

"ಗೊತ್ತೈತಿ ಮಾವಶಿ. ತಪ್ಪ ನಂದ ಐತಿ."

"ಹದಾ ಮಾಡ್ಲಿಲ್ಲಂದ್ರ ಕಾಯಿ ಚೂರ ಆಕ್ಕೈತಲ್ರಿ. ಚೂರ ಯಾರ ತಗೋತಾರ?"

ಬೆಳಗಾವಿಗೆ ಬಂದು ಲಕೋಟೆ ಹರಿದೆ, ಹೊಸದು ಬರೆದೆ. ನಮೂನೆ ತೆಗೆದದ್ದು ನಾನು. ಕಟ್ಟುವ ಮೊದಲು ನೀರು ಚಿಮುಕಿಸುವುದು ಈ ಕಡೆಯ ಪದ್ಧತಿ. ಅದರ ನಂತರ ಅಳೆಯಬೇಕಾಗಿತ್ತು, ಅಳೆಯಲಿಲ್ಲ. ನೀರು ಬಿಟ್ಟರೆ ಕಾಯಿ ಮುರಿಯುತ್ತದೆ, ಏನು ಮಾಡಬೇಕೋ ತೋಚುತ್ತಿಲ್ಲ. ಸಾಹುಕಾರರು ಓದಿಸಿಕೊಂಡು ಬಿಳುಪೇರಿದರು. ನನ್ನ ಕೆಲಸ ಹೋಯಿತು ಅಂದುಕೊಂಡೆ. ಅವರು ಕನ್ನಡಕ ತೆಗೆದು ಒರೆಸಿದರು. "ನಿನ್ನ ಹೆಸರಿಲೆ ಹಾಕು. ನನ್ನ ಹೆಸರಿಲೆ ಬ್ಯಾಡ," ಅಂದರು. ಮಾವಶಿಯ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಎರಡು ವಾರ ಉತ್ತರ ಇಲ್ಲ. ಅಂಚೆಯವನ ಸೈಕಲ್ ಬೆಲ್ಲು ಕೇಳಿದರೆ ಮೆಟ್ಟಿಲು ಇಳಿದು ಹೋಗುತ್ತಿದ್ದೆ. ಶಿವರಾತ್ರಿ ಕಳೆದ ಮೇಲೆ ಬಂತು. ಖರೀದಿ ಅಧಿಕಾರಿ ನನ್ನ ತಪ್ಪಿನ ಬಗ್ಗೆ ಒಂದು ಮಾತೂ ಬರೆದಿರಲಿಲ್ಲ. ಒಂದು ಪ್ರಶ್ನೆ ಕೇಳಿದ್ದರು: ಮುರಿದರೆ ಏನು ತೊಂದರೆ? ಅವರ ಅಡಿಗೆಮನೆಗಳಲ್ಲಿ ಇಡೀ ಕಾಯಿಗಿಂತ ಚೂರಿನ ಖರ್ಚೇ ಹೆಚ್ಚು. ಬೀಜದ ಸಮೇತ ತರಿತರಿಯಾಗಿ ಕುಟ್ಟಿದ್ದನ್ನು ತೆಂಗಿನತುರಿ, ಈರುಳ್ಳಿ, ನಿಂಬೆರಸದ ಜೊತೆ ಅರೆದು ಅನ್ನಕ್ಕೆ ಹಚ್ಚಿಕೊಳ್ಳುತ್ತಾರೆ. ಅಂಗಡಿಯವರೇ ಇಡೀ ಕಾಯಿ ಕೊಂಡು ಹಿತ್ತಲಲ್ಲಿ ಕುಟ್ಟಿಸಿ ಪೊಟ್ಟಣ ಮಾಡುತ್ತಿದ್ದರಂತೆ. ತೊಟ್ಟು, ಮಣ್ಣು ಇಲ್ಲದ ಒಣ ಚೂರು ನೀವೇ ಕಳಿಸಿದರೆ ನಮ್ಮ ಒಂದು ಕೆಲಸ ಉಳಿಯಿತು ಎಂದು ಬರೆದಿದ್ದರು.

ನಮ್ಮ ಶೆಡ್ಡಿನಲ್ಲಿ ಚೂರನ್ನು ಕಸಬರಿಗೆಯಿಂದ ಗುಡಿಸಿ ಮೂಲೆಗೆ ತಳ್ಳುತ್ತಿದ್ದೆವು.

ಸಾಹುಕಾರರು ಒಪ್ಪಲು ಅರ್ಧ ದಿನ ಹಿಡಿಯಿತು. ಮಾವಶಿ ಒಪ್ಪಲೇ ಇಲ್ಲ. "ಜಲ್ಮೆಲ್ಲ ಮುರೀಬ್ಯಾಡ್ರಿ ಮುರೀಬ್ಯಾಡ್ರಿ ಅಂತ ಈ ಹುಡುಗ್ಯಾರ ಕೈ ಮ್ಯಾಲ ಹೊಡದೇನಿ. ಈಗ ಮುರೀರಿ ಅಂತ ನಾ ಹೆಂಗ ಹೇಳ್ಲಿ? ನೀವ ಹೇಳ್ರಿ." ಹೋಗಿ ಹಳೆಯ ಭಟ್ಟಿಯ ಕಟ್ಟೆಯ ಮೇಲೆ ಕುಳಿತಳು.

ನಾನೇ ಹೇಳಿದೆ. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿಸಿದೆ, ಮಧ್ಯಾಹ್ನದೊಳಗೆ ಕೆಟ್ಟಿತು. ಮಲಪ್ರಭೆಯ ಕಡೆಯಿಂದ ಬರುವ ಬೆಳಗಿನ ಮಂಜನ್ನು ಕಾಯಿ ಹೀರಿಬಿಡುತ್ತದೆ. ಮುರಿಯಲು ಹೋದರೆ ಜಗ್ಗುತ್ತಿತ್ತು, ಹರಿಯುತ್ತಿತ್ತು, ಬೀಜ ಬೇರೆ, ಸಿಪ್ಪೆ ಬೇರೆ. ಹೆಂಗಸರ ಬೆರಳು ಉರಿ ಉರಿ. ಒಬ್ಬಳು ಅತ್ತೇಬಿಟ್ಟಳು. ನಾನು ತಕ್ಕಡಿ, ಸೀಸೆ ಹಿಡಿದುಕೊಂಡು ನಡುವೆ ನಿಂತಿದ್ದೆ, ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಹನ್ನೊಂದು ದಾಟಿರಬೇಕು. ಮಾವಶಿ ಕಟ್ಟೆಯಿಂದ ಇಳಿದು ಬಂದಳು. ರಾಶಿಯಿಂದ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಬಗ್ಗಿಸಿದಳು. ತಲೆ ಅಲ್ಲಾಡಿಸಿದಳು. "ಇದನ್ನ ಯಾರ ಮುರೀ ಅಂದ್ರ ನಿಮಗ? ಬಾಯಿ ಮುಚ್ಚಿಕೊಂಡೈತಿ ಅದು. ಹಲಗಿ ಮ್ಯಾಲ ತೆಳ್ಳಗ ಹರವ್ರಿ. ಬಿಸಲ ನೆತ್ತೀಗ ಬರ್ಲಿ."

ಹಂಚಿನ ಹಲಗೆಗಳ ಮೇಲೆ ಹರವಿದರು. ಮಧ್ಯಾಹ್ನ ಒಂದು ಗಂಟೆಗೆ ಮತ್ತೆ ಕಿವಿಗೆ ಹಿಡಿದಳು. ಈ ಸಲ 'ಪಟ್' ಎಂದದ್ದು ನನಗೂ ಕೇಳಿಸಿತು. "ಈಗ ಮುರೀರಿ. ಗಾಳಿ ತಂಪ ಆಗೂತನಾ ಅಷ್ಟ. ಮುಂದ ಮುಟ್ಟಬ್ಯಾಡ್ರಿ." ಕೈಗೆ ಕೊಬ್ಬರಿ ಎಣ್ಣೆ ಸವರಿಸಿ, ಹಳೆಯ ಸೀರೆಯ ಪಟ್ಟಿ ಸುತ್ತಿಸಿದಳು. ತೊಟ್ಟು ಮೊದಲು ತೆಗೆಯುವುದು, ಒಂದು ಕಾಯಿಗೆ ನಾಲ್ಕು ಚೂರು, ಬೀಜ ಉದುರದಂತೆ ಕೆಳಗೆ ಮೊರ. ನೀರು ಎಷ್ಟು ಸಾಕೆಂದು ತಿಳಿದವಳಿಗೆ ಏನೂ ಉಳಿದಿಲ್ಲ ಎಂಬುದೂ ತಿಳಿಯುತ್ತಿತ್ತು. ಆಕೆ ಒಣಗಿದೆ ಎಂದ ಹಲಗೆಗಳಿಂದ ದಿನವೂ ಸೀಸೆ ತುಂಬಿ ಒಲೆಗಿಟ್ಟೆ. ಹತ್ತಕ್ಕಿಂತ ಮೇಲೆ ಒಂದೂ ಬರಲಿಲ್ಲ. ಒಳಗೆ ಪ್ಲಾಸ್ಟಿಕ್ ಹಾಳೆ ಇಟ್ಟ ಸಣ್ಣ ಚೀಲಗಳನ್ನು ತುಳಿಯದೆ ತುಂಬಿದೆವು. ತಾಮ್ರದ ಕೊಡ ಬೋರಲು ಬಿದ್ದಿತ್ತು.

ವ್ಯಾಗನ್ ಸಿಕ್ಕಿದ್ದು ಮಾರ್ಚ್ ನಡುವೆ. ಈ ಸಲ ಹೊಲಿದ ಚೀಲಗಳಿಂದಲೇ ನಮೂನೆ ತೆಗೆದು, ಬೆಳಗಾವಿಗೆ ಓಡಿ ಒಲೆಗಿಟ್ಟೆ. ಅರ್ಧ ತಾಸಿಗೆ ಕರೆಂಟು ಹೋಯಿತು. ಆ ಬೇಸಿಗೆಯಲ್ಲಿ ಅದು ದಿನದ ಮಾತು. ಆದರೆ ಆವತ್ತು ಸಂಜೆಯವರೆಗೂ ಬರುವುದಿಲ್ಲ ಎಂದು ಗೊತ್ತಾಯಿತು. ವ್ಯಾಗನ್ನಿಗೆ ಸಂಜೆ ಐದಕ್ಕೆ ಬಾಗಿಲು ಹಾಕುತ್ತಾರೆ. ಅದು ತಪ್ಪಿದರೆ ಹಡಗು ತಪ್ಪುತ್ತದೆ, ಹಡಗು ತಪ್ಪಿದರೆ ಅವರ ಹೊಸ ವರ್ಷ.

"ದಿನಾ ಹತ್ತರೊಳಗ ಬಂದೈತಿ. ಅದನ್ನ ಬರದ ಬಿಡು," ಅಂದರು ಸಾಹುಕಾರರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಬರೆದಿದ್ದರೆ ಬಹುಶಃ ಸರಿಯೇ ಇರುತ್ತಿತ್ತು. ನಾನು ಖಾಲಿ ಪ್ರಮಾಣಪತ್ರದ ಹಾಳೆ ತೆಗೆದುಕೊಂಡು ಬಾಡಿಗೆ ಕಾರಿನಲ್ಲಿ ಖಾನಾಪುರಕ್ಕೆ ಹೋದೆ.

"ಮಾವಶಿ, ಎಲ್ಲಾ ಚೀಲಾ ಬಿಚ್ಚಬೇಕ."

ಆಕೆ ಯಾಕೆ ಅಂತ ಕೇಳಲಿಲ್ಲ. ಪ್ಲಾಟ್‌ಫಾರ್ಮಿನ ಮೇಲೆಯೇ ಒಬ್ಬೊಬ್ಬ ಹೆಂಗಸು ಒಂದೊಂದು ಚೀಲದ ಹೊಲಿಗೆ ಬಿಚ್ಚಿದಳು. ಮಾವಶಿ ಮೊಣಕೈವರೆಗೆ ಕೈ ಹಾಕಿ ನಡುವಿನ ಚೂರು ತೆಗೆದು, ಕಿವಿಯ ಬಳಿ ಹಿಡಿದು ಮುರಿದಳು. ಹಿಂದಿನಿಂದ ಮತ್ತೆ ಹೊಲಿಯುತ್ತ ಬಂದರು. ಸ್ಟೇಷನ್ ಮಾಸ್ತರರು ಸೀನುತ್ತ ಬಂದು, ಬೈದು, ಸೀನುತ್ತ ಹೋದರು. ನಾಲ್ಕು ಚೀಲಗಳಿಗೆ ಮಾವಶಿ ತಲೆ ಅಲ್ಲಾಡಿಸಿದಳು. ನನ್ನ ಬೆರಳಿಗೆ ಅವೂ ಒಣಗಿದಂತೆಯೇ ಅನ್ನಿಸಿದವು. ಅವನ್ನು ಪಕ್ಕಕ್ಕಿಡಿಸಿದೆ. ಉಳಿದವು ಐದಕ್ಕೆ ಸ್ವಲ್ಪ ಮೊದಲು ಒಳಗೆ ಹೋದವು.

ಪ್ರಮಾಣಪತ್ರದಲ್ಲಿ ತೇವದ ಅಂಕಿಯ ಮನೆ ಖಾಲಿ ಬಿಟ್ಟೆ. ವಿದ್ಯುತ್ ಇಲ್ಲದ್ದರಿಂದ ಅಳೆಯಲಾಗಿಲ್ಲ. ಪ್ರತಿ ಚೀಲವನ್ನೂ ಬಿಚ್ಚಿಸಿ ಮುಕಾದಮ ಕೈಯಿಂದ ಪರೀಕ್ಷಿಸಿದ್ದಾಳೆ ಎಂದು ಕೆಳಗೆ ಬರೆದು ಸಹಿ ಹಾಕಿದೆ. ಪಕ್ಕದಲ್ಲಿ ಮಾವಶಿಯ ಹೆಬ್ಬೆಟ್ಟು. ಖಾರದ ಕೈ ತೊಳೆದು ಬಂದು ಒತ್ತಿದಳು, ಆದರೂ ಕಾಗದಕ್ಕೆ ಸ್ವಲ್ಪ ಕೆಂಪು ಹತ್ತಿತು. ನಕಲು ಪ್ರತಿಗೂ ಒತ್ತಿಸಿಕೊಂಡೆ. ಇಂಥ ಕಾಗದ ಯಾರೂ ಒಪ್ಪುವುದಿಲ್ಲ ಎಂದು ಸಾಹುಕಾರರು ಹೇಳಿದರು. ನನಗೂ ಹಾಗೆಯೇ ಅನ್ನಿಸಿತ್ತು. ಮಾಲು ಹೋಯಿತು.

ಏಪ್ರಿಲ್ ಕೊನೆಯಲ್ಲಿ ಒಂದು ಪಾರ್ಸೆಲ್ ಬಂತು. ಅದರ ಜೊತೆಗಿದ್ದ ಪತ್ರವನ್ನು ಪೇಟೆಯಲ್ಲಿ ಯಾರಿಂದಲೋ ಓದಿಸಿಕೊಂಡು ಸಾಹುಕಾರರು ತಾವೇ ಮೆಟ್ಟಿಲು ಹತ್ತಿ ಅಟ್ಟಕ್ಕೆ ಬಂದರು. ಅವರು ಅಲ್ಲಿಗೆ ಬಂದದ್ದು ಅದೇ ಮೊದಲು. ಪತ್ರ, ಪಾರ್ಸೆಲ್ ಎರಡನ್ನೂ ನನ್ನ ಕೈಗೆ ಕೊಟ್ಟು, "ಆಕೀಗ ತೋರ್ಸಿ ಬಾರವಾ," ಅಂದರು.

ಶೆಡ್ಡಿನಲ್ಲಿ ಹೆಚ್ಚು ಕೆಲಸ ಇರಲಿಲ್ಲ. ಹೆಂಗಸರು ಕಾಯುತ್ತಿದ್ದರು ಅನ್ನಬೇಕು. ನನ್ನ ಕೈಯಲ್ಲಿದ್ದ ಪೊಟ್ಟಣ ನೋಡಿ ಮಾವಶಿ ಎದ್ದು ನಿಂತಳು. ಒಮ್ಮೆ ಡಬ್ಬಿ ಬಂದದ್ದು ಆಕೆಗೆ ಗೊತ್ತಿತ್ತಲ್ಲ.

"ಹೊಳ್ಳಿ ಬಂತೇನ್ರಿ?"

"ಇಲ್ಲ ಮಾವಶಿ. ಅವರ ಅಂಗಡ್ಯಾಗ ಮಾರಾಕ ಇಟ್ಟಿದ್ದ ಪೊಟ್ಟಣ ಇದು. ಎಲ್ಲಾ ಖರ್ಚ ಆಗೇತಂತ. ಇನ್ನೂ ಬೇಕಂತ."

ಅಂಗೈಯಷ್ಟು ಪೊಟ್ಟಣ. ಮೇಲೆ ಓದಲಾಗದ ದುಂಡು ಅಕ್ಷರ. ಆಕೆ ಹಲ್ಲಿನಿಂದ ಮೂಲೆ ಹರಿದು, ಒಂದು ಚೂರು ತೆಗೆದು, ಕಣ್ಣು ಮುಚ್ಚಿ ಕಿವಿಯ ಬಳಿ ಹಿಡಿದು ಮುರಿದಳು. ಎರಡು ಸಲ ಸಮುದ್ರ ದಾಟಿದ ಚೂರು 'ಪಟ್' ಎಂದಿತು. ಇನ್ನೊಂದನ್ನು ನನ್ನ ಕಿವಿಯ ಹತ್ತಿರ ಮುರಿದಳು. ಹಿಂದೆ ಯಾರೋ ನಕ್ಕರು, ಯಾರೋ ಸೀನಿದರು.

"ಬಾಯಾರ, ಆ ಕಾಗದದಾಗ ನಂಬರ ಬರೀದ ಖಾಲಿ ಬಿಟ್ಟಿದ್ರಲ್ಲ," ಅಂದಳು. "ಈಗ ಬರಕೊಳ್ರಿ."

ಬರೆದುಕೊಳ್ಳುತ್ತೇನೆ ಅಂದೆ. ಬರೆಯಲಿಲ್ಲ. ಆ ನಕಲು ಪ್ರತಿ ಈಗಲೂ ನನ್ನ ಹತ್ತಿರ ಇದೆ. ಅಂಕಿಯ ಮನೆ ಖಾಲಿಯೇ ಇದೆ. ಅದರ ಕೆಳಗೆ ನನ್ನ ಸಹಿ, ಪಕ್ಕದಲ್ಲಿ ಆಕೆಯ ಹೆಬ್ಬೆಟ್ಟು.